ಸೇಡಂ ರಸ್ತೆಯಲ್ಲಿ ಎರಡು ದಿನ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಕೋಶವನ್ನು ಓದುವವನು ಹಾಳೆಗಳನ್ನು ಬೇಗಬೇಗನೆ ಮಗುಚುತ್ತ ಹೋದರೆ ಅವನಿಗೆ ಏನೂ ತಿಳಿಯಲಾರದೆಂಬುದನ್ನು ಎಲ್ಲರೂ ಬಲ್ಲರು. ದೇಶವನ್ನು ಸುತ್ತುವವನ ವಿಷಯದಲ್ಲಿಯೂ ಈ ಮಾತು ಅಷ್ಟೇ ನಿಜ. ಗಂಟೆಗೆ ಅರುವತ್ತು ಕಿಲೋಮೀಟರ್ ವೇಗದಲ್ಲಿ ಓಡುವ ಬಸ್ಸು ಒಂದು ಕಿಲೋಮೀಟರ್ ದಾರಿಯನ್ನು ಒಂದೇ ನಿಮಿಷದಲ್ಲಿ ದಾಟುತ್ತದೆ. ಎತ್ತಿನ ಬಂಡಿಗೆ ಅದೇ ದಾರಿಯನ್ನು ಕ್ರಮಿಸಲು ಕಾಲು ಗಂಟೆ ಬೇಕು. ಬಸ್ಸಿನಲ್ಲಿ ಕುಳಿತವನಿಗೆ ಊರುಗಳು ಫಲಕದ ಮೇಲಿನ ಹೆಸರುಗಳಾಗಿ ಕಂಡು ಮರೆಯಾಗುತ್ತವೆ. ಬಂಡಿಯಲ್ಲಿ ಕುಳಿತವನಿಗೆ ಹೊಲದ ಪೈರು, ಮನೆಯ ಗೋಡೆ, ಬಾವಿಯ ಕಟ್ಟೆ, ಎದುರಾದ ಮನುಷ್ಯನ ಮುಖ ಎಲ್ಲವೂ ಕಾಣುತ್ತವೆ.

ಕಲಬುರಗಿಯಿಂದ ಆಗ್ನೇಯ ದಿಕ್ಕಿಗೆ ಹೊರಟು ಮಳಖೇಡವನ್ನು ಹಾಯ್ದು ಸೇಡಂ ಪಟ್ಟಣವನ್ನು ಸೇರುವ ಸುಮಾರು 55 ಕಿಲೋಮೀಟರ್ ಉದ್ದದ ರಸ್ತೆಯು ಇಂಥ ನಿಧಾನದ ಪ್ರವಾಸಕ್ಕೆ ಒಪ್ಪುವಂಥದು. ಜನರು ಇದನ್ನು ಸೇಡಂ ರಸ್ತೆಯೆಂದೇ ಕರೆಯುತ್ತಾರೆ. ಕಚೇರಿಗೆ, ಆಸ್ಪತ್ರೆಗೆ, ಕಾಲೇಜಿಗೆ, ಮಾರುಕಟ್ಟೆಗೆ ಹೋಗಿಬರುವವರು ಪ್ರತಿದಿನವೂ ಈ ದಾರಿಯನ್ನು ತುಳಿಯುತ್ತಾರೆ. ಒಂದು ಸಾವಿರ ವರ್ಷಗಳ ಹಿಂದೆ ದಕ್ಷಿಣ ಭಾರತದ ಬಹುಭಾಗವನ್ನು ಆಳಿದ ರಾಜಧಾನಿಯೊಂದು ಇದೇ ರಸ್ತೆಯ ಬದಿಯಲ್ಲಿದೆ ಎಂಬ ನೆನಪಿನಿಂದ ವಾಹನವನ್ನು ನಿಲ್ಲಿಸಿ ಇಳಿಯುವವರು ಮಾತ್ರ ವಿರಳ.

ಮನೆಯನ್ನು ಕಟ್ಟಿಕೊಂಡು ಹೋಗುವ ಪ್ರವಾಸವು ಈ ನಾಡಿಗೆ ಹೊಸದಲ್ಲ. ಕಲಬುರಗಿಯ ಶರಣಬಸವೇಶ್ವರರ ಜಾತ್ರೆಗೂ ಸುತ್ತಲಿನ ಇತರ ಜಾತ್ರೆಗಳಿಗೂ ಹಳ್ಳಿಯ ಕುಟುಂಬಗಳು ಹಿಂದೆ ಕಮಾನು ಕಟ್ಟಿದ ಬಂಡಿಗಳಲ್ಲಿ ಬರುತ್ತಿದ್ದವು. ಬಂಡಿಯೊಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನೆ ಹರಡಿ, ಹಿಂದೆ ಬುತ್ತಿಯ ಗಂಟುಗಳನ್ನೂ ಎತ್ತುಗಳ ಮೇವನ್ನೂ ಇಟ್ಟುಕೊಳ್ಳುತ್ತಿದ್ದರು. ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲರೂ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಕಡುಬುಗಳನ್ನು ನೆಂಟರಿಷ್ಟರೊಡನೆ ಉಣ್ಣುವ ಪದ್ಧತಿಯು ಇಂದಿಗೂ ಉಳಿದಿದೆ. ಬಂಡಿಯು ಹಗಲಿನಲ್ಲಿ ವಾಹನ, ಇರುಳಿನಲ್ಲಿ ಮನೆ. ಅದು ನಿಂತ ಕಡೆಯೇ ಬಿಡಾರ. ಮೂರು ಕಲ್ಲು ಹೂಡಿದರೆ ಅಡಿಗೆಯ ಒಲೆ ಸಿದ್ಧವಾಗುತ್ತಿತ್ತು.

ಪಾಶ್ಚಾತ್ಯ ದೇಶಗಳಲ್ಲಿ ಇದೇ ಕೆಲಸವನ್ನು ಟ್ರೇಲರು ಮಾಡುತ್ತದೆ. ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನು ಅಳವಡಿಸಿದ ಚಕ್ರದ ಮನೆಯನ್ನು ಕಾರಿನ ಹಿಂದೆ ಜೋಡಿಸಿಕೊಂಡು ಅಲ್ಲಿನ ಕುಟುಂಬಗಳು ರಜೆಯ ದಿನಗಳಲ್ಲಿ ಚಿಕ್ಕ ಪಟ್ಟಣಗಳನ್ನು ನೋಡಲು ಹೊರಡುತ್ತವೆ. ಭಾರತದಲ್ಲಿಯೂ ಇಂಥ ಪ್ರವಾಸಕ್ಕೆ ಉತ್ತೇಜನ ದೊರೆಯತೊಡಗಿದೆ. ಕೇರಳ ರಾಜ್ಯವು 2021ರಲ್ಲಿ ಇದಕ್ಕಾಗಿಯೇ ಒಂದು ಯೋಜನೆಯನ್ನು ಪ್ರಕಟಿಸಿತು.

ಬಂಡಿಗೂ ಟ್ರೇಲರಿಗೂ ಇರುವ ಸಂಬಂಧವು ಉಪಯೋಗದಲ್ಲಿ ಮಾತ್ರವಲ್ಲ, ರಚನೆಯ ತತ್ತ್ವದಲ್ಲಿಯೂ ಕಂಡುಬರುತ್ತದೆ. ಎರಡು ಗಾಲಿಗಳ ಬಂಡಿಯು ಅಚ್ಚಿನ ಮೇಲೆ ನಿಂತ ತಕ್ಕಡಿಯಂತೆ. ಹಿಂಭಾಗದಲ್ಲಿ ಭಾರ ಹೆಚ್ಚಾದರೆ ನೊಗವು ಮೇಲಕ್ಕೆದ್ದು ಎತ್ತುಗಳ ಕೊರಳಿನ ಪಟ್ಟಿಯನ್ನು ಎಳೆಯುತ್ತದೆ. ಮುಂಭಾಗದಲ್ಲಿ ಭಾರ ಹೆಚ್ಚಾದರೆ ನೊಗವು ಅವುಗಳ ಹೆಗಲನ್ನು ಒತ್ತುತ್ತದೆ. ಆದುದರಿಂದ ಅನುಭವಿಯಾದ ರೈತನು ಮೂಟೆಗಳನ್ನು ಹೇರುವಾಗ ಭಾರವು ಅಚ್ಚಿಗಿಂತ ಸ್ವಲ್ಪ ಮುಂದೆ ಬೀಳುವಂತೆ ನೋಡಿಕೊಳ್ಳುತ್ತಾನೆ. ಕಾರಿನ ಹಿಂದೆ ಹೂಡುವ ಟ್ರೇಲರಿಗೂ ಇದೇ ನಿಯಮ. ಅದರ ಒಟ್ಟು ಭಾರದಲ್ಲಿ ಸುಮಾರು ಹತ್ತನೆಯ ಒಂದು ಭಾಗವು ಕೊಂಡಿಯ ಮೇಲೆ ಬೀಳಬೇಕು. ಭಾರವು ಹಿಂದಕ್ಕೆ ಸರಿದರೆ ವೇಗ ಹೆಚ್ಚಿದಂತೆ ಟ್ರೇಲರು ಹಾವಿನಂತೆ ಅತ್ತಿತ್ತ ಹೊರಳತೊಡಗಿ, ಕೊನೆಗೆ ಮುಂದಿನ ವಾಹನವನ್ನೂ ಉರುಳಿಸಬಹುದು. ಬಂಡಿ ಹೊಡೆಯುವವನು ಅನುಭವದಿಂದ ಕಲಿತದ್ದನ್ನು ಯಂತ್ರಶಾಸ್ತ್ರವು ಲೆಕ್ಕದಿಂದ ಹೇಳುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಎತ್ತುಗಳು ಕಡಿಮೆಯಾದ ಮೇಲೆ ಅನೇಕ ಹಳ್ಳಿಗಳಲ್ಲಿ ಬಂಡಿಯ ಸ್ಥಾನವನ್ನು ಟ್ರ್ಯಾಕ್ಟರಿನ ಟ್ರೇಲರು ಪಡೆದುಕೊಂಡಿತು. ಜಾತ್ರೆಗೆ, ಮದುವೆಗೆ, ಕೂಲಿಗೆ ಜನರು ಅದರಲ್ಲಿಯೇ ಗುಂಪಾಗಿ ಕುಳಿತು ಹೋಗುವುದುಂಟು. ಆದರೆ ಆ ಟ್ರೇಲರು ಸರಕನ್ನು ಸಾಗಿಸುವುದಕ್ಕಾಗಿ ನಿರ್ಮಿತವಾದುದು. ಅದರಲ್ಲಿ ಆಸನವಿಲ್ಲ, ಹಿಡಿಕೆಯಿಲ್ಲ. ತಿರುವಿನಲ್ಲಿ ಅದು ಮಗುಚಿದರೆ ಒಳಗಿದ್ದವರಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಇಂಥ ಅಪಘಾತಗಳಲ್ಲಿ ಒಂದೇ ಊರಿನ ಹಲವರು ಒಮ್ಮೆಗೇ ಪ್ರಾಣ ಕಳೆದುಕೊಂಡ ಪ್ರಸಂಗಗಳು ನಾಡಿನಲ್ಲಿ ಮತ್ತೆ ಮತ್ತೆ ನಡೆದಿವೆ. ಸರಕಿನ ಟ್ರೇಲರಿನಲ್ಲಿ ಜನರನ್ನು ಸಾಗಿಸುವುದನ್ನು ಕಾನೂನು ಒಪ್ಪುವುದಿಲ್ಲ. ಜನರು ಕೂರಬೇಕಾದುದು ಮುಂದಿನ ವಾಹನದಲ್ಲಿ, ಹಿಂದೆ ಬರಬೇಕಾದುದು ಸಾಮಾನು.

ಕಮಲಾಪುರದ ಒಂದು ಕುಟುಂಬವು ಚಳಿಗಾಲದ ಎರಡು ದಿನಗಳ ರಜೆಯಲ್ಲಿ ಈ ರೀತಿಯಾಗಿ ಸೇಡಂ ರಸ್ತೆಯ ಪ್ರವಾಸಕ್ಕೆ ಹೊರಟಿತೆಂದು ಭಾವಿಸಬಹುದು. ಹಿರಿಯರೂ ಮಕ್ಕಳೂ ಜೀಪಿನಲ್ಲಿ ಕುಳಿತಿದ್ದಾರೆ. ಹಿಂದಿನ ಚಿಕ್ಕ ಟ್ರೇಲರಿನಲ್ಲಿ ಹಾಸಿಗೆ, ತಾಡಪತ್ರಿ, ನೀರಿನ ಕೊಡ, ಒಲೆ, ಪಾತ್ರೆಗಳಿವೆ. ಬುತ್ತಿಯಲ್ಲಿ ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿಗಳಿವೆ. ತೆಳುವಾಗಿ ತಟ್ಟಿ ಗರಿಗರಿಯಾಗುವವರೆಗೆ ಒಣಗಿಸಿದ ಕಟಕ ರೊಟ್ಟಿಯಲ್ಲಿ ತೇವಾಂಶ ಉಳಿಯುವುದಿಲ್ಲವಾದುದರಿಂದ ಅದು ಹಲವು ದಿನ ಕೆಡದೆ ಇರುತ್ತದೆ. ಆದ್ದರಿಂದಲೇ ಅದು ಪ್ರವಾಸಿಗಳ ಆಹಾರವಾಯಿತು. ಇವುಗಳೊಡನೆ ಕಮಲಾಪುರದ ಒಂದು ಗೊನೆ ಕೆಂಪು ಬಾಳೆಹಣ್ಣೂ ಇದೆ. ಕೆಂಪು ಸಿಪ್ಪೆಯ, ಸುವಾಸನೆಯುಳ್ಳ ಈ ಹಣ್ಣು ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದ್ದು, ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದಿದೆ.

ಕಮಲಾಪುರದಿಂದ ಕಲಬುರಗಿಗೆ ಸುಮಾರು 35 ಕಿಲೋಮೀಟರ್. ಬೆಳಗಿನ ಹೊತ್ತಿನಲ್ಲಿ ನಗರವನ್ನು ತಲುಪಿದವರು ಮೊದಲು ಕೋಟೆಯನ್ನು ನೋಡಬಹುದು. 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯಕ್ಕೆ ಈ ನಗರವು ಮೊದಲ ರಾಜಧಾನಿಯಾಗಿತ್ತು. ಕೋಟೆಯೊಳಗಿನ ಜಾಮಿ ಮಸೀದಿಯು 1367ರಷ್ಟು ಹಳೆಯದು. ಸಾಮಾನ್ಯವಾಗಿ ಮಸೀದಿಗಳ ಮುಂದೆ ತೆರೆದ ಅಂಗಳವಿರುತ್ತದೆ. ಇಲ್ಲಿ ಹಾಗಿಲ್ಲದೆ, ಇಡೀ ಕಟ್ಟಡವನ್ನು ಗುಮ್ಮಟಗಳ ಮಾಡು ಆವರಿಸಿರುವುದು ವಿಶೇಷ. ನಗರದಲ್ಲಿಯೇ 1422ರಲ್ಲಿ ನಿಧನರಾದ ಸೂಫಿ ಸಂತ ಖ್ವಾಜಾ ಬಂದೇನವಾಜರ ದರ್ಗಾ ಇದೆ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಗುಡಿಯೂ ಇದೆ. ಎರಡು ಕಡೆಗಳಿಗೂ ಎಲ್ಲ ಮತದ ಜನರೂ ಬರುತ್ತಾರೆ.

ನಗರದಿಂದ ಹೊರಬೀಳುತ್ತಲೇ ಸೇಡಂ ರಸ್ತೆಯ ಹೊಸ ಮುಖವು ಕಾಣಿಸುತ್ತದೆ. 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ, ಅದರ ಸಮೀಪದಲ್ಲಿ 2009ರಲ್ಲಿ ಉದ್ಘಾಟನೆಗೊಂಡ ಬುದ್ಧ ವಿಹಾರದ ಬಿಳಿಯ ಗುಮ್ಮಟ, ಇನ್ನೂ ಮುಂದೆ 2019ರಲ್ಲಿ ವಿಮಾನ ಸಂಚಾರ ಪ್ರಾರಂಭವಾದ ವಿಮಾನ ನಿಲ್ದಾಣ ಇವು ಒಂದಾದ ಮೇಲೊಂದು ಬರುತ್ತವೆ. ಬುದ್ಧ ವಿಹಾರದ ವಿಶಾಲವಾದ ಅಂಗಳದಲ್ಲಿ ಕುಳಿತು ವಿಶ್ರಮಿಸಿದವರಿಗೆ ಮುಂದಿನ ದಾರಿಯ ಆಯಾಸವು ತಿಳಿಯುವುದಿಲ್ಲ.

ಅಲ್ಲಿಂದ ಮುಂದೆ ರಸ್ತೆಯ ಎರಡು ಬದಿಗಳಲ್ಲಿಯೂ ಕಣ್ಣು ಹಾಯುವವರೆಗೆ ಎರೆಹೊಲಗಳು. ಈ ಕಪ್ಪು ಮಣ್ಣು ಹುಟ್ಟಿದ್ದು ಕಪ್ಪು ಕಲ್ಲಿನಿಂದ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಹೊರಬಂದ ಲಾವಾರಸವು ದಖ್ಖನ್ ಪ್ರದೇಶದ ಮೇಲೆ ಪದರಪದರವಾಗಿ ಹರಡಿ ತಣಿದು ಕಲ್ಲಾಯಿತು. ಆ ಕಲ್ಲು ಬಿಸಿಲಿಗೂ ಮಳೆಗೂ ಸವೆದು ಎರೆಮಣ್ಣಾಯಿತು. ಒದ್ದೆಯಾದಾಗ ಉಬ್ಬುವುದು, ಒಣಗಿದಾಗ ಕುಗ್ಗಿ ಬಿರುಕು ಬಿಡುವುದು ಈ ಮಣ್ಣಿನ ಗುಣ. ಮಳೆಯ ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುವುದರಿಂದ ಮಳೆ ನಿಂತ ಮೇಲೆಯೂ ಇಲ್ಲಿ ಬಿಳಿಜೋಳವೂ ಕಡಲೆಯೂ ಬೆಳೆಯುತ್ತವೆ. ತೊಗರಿಯ ಬೇರು ಆಳಕ್ಕೆ ಇಳಿದು ಅಡಿಯ ತೇವವನ್ನು ಹೀರುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಚಳಿಗಾಲದಲ್ಲಿ ಹೋದವರಿಗೆ ತೊಗರಿಯ ಕೊಯಿಲು, ರಾಶಿಯ ಕಣ, ಜೋಳದ ತೆನೆಗಳ ಮೇಲೆ ಎರಗುವ ಗುಬ್ಬಿಗಳ ಹಿಂಡು ಕಾಣಸಿಗುತ್ತವೆ. ವಾಹನವನ್ನು ಬದಿಗೆ ನಿಲ್ಲಿಸಿ ಮಾತನಾಡಿಸಿದರೆ ಈ ವರ್ಷ ಮಳೆ ಎಷ್ಟಾಯಿತು, ಧಾರಣೆ ಹೇಗಿದೆ ಎಂಬುದನ್ನು ರೈತನು ತಾನಾಗಿಯೇ ಹೇಳುತ್ತಾನೆ. ಕೈಗೆ ಒಂದು ಹಿಡಿ ಹಸಿ ಕಡಲೆಯನ್ನೂ ಕೊಡುತ್ತಾನೆ.

ಮಳಖೇಡವು ಹತ್ತಿರವಾದಂತೆ ನೆಲದ ಕಲ್ಲು ಬದಲಾಗುತ್ತದೆ. ಮನೆಯ ಗೋಡೆ, ಅಂಗಳದ ಹಾಸು, ಕಟ್ಟೆ, ಹೊಲದ ಗಡಿ ಎಲ್ಲೆಡೆಯೂ ಬೂದುಬಣ್ಣದ ಚಪ್ಪಟೆಯಾದ ಸುಣ್ಣದ ಕಲ್ಲು ಕಾಣತೊಡಗುತ್ತದೆ. ಇದು ಲಾವಾದ ಕಲ್ಲಿಗಿಂತ ಬಹಳ ಪುರಾತನವಾದುದು. ಎಂದೋ ಇಲ್ಲಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಸುಣ್ಣದ ಅಂಶವು ಪದರಪದರವಾಗಿ ಕೂಡಿ ಈ ಕಲ್ಲಾಯಿತು. ಪದರಗಳ ನಡುವೆ ಉಳಿ ಹೊಡೆದರೆ ಅದು ಹಲಗೆಯಂತೆ ಬಿಚ್ಚಿಕೊಳ್ಳುತ್ತದೆ. ಫರಸಿ ಎಂದೂ ಶಹಾಬಾದ್ ಕಲ್ಲು ಎಂದೂ ಕರೆಯಲ್ಪಡುವ ಇದು ನಾಡಿನ ದೂರದೂರದ ಮನೆಗಳ ನೆಲಕ್ಕೆ ಹಾಸಾಗಿದೆ. ಇದೇ ಕಲ್ಲನ್ನು ಜೇಡಿಮಣ್ಣಿನೊಡನೆ ಅರೆದು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟು, ಬಳಿಕ ಜಿಪ್ಸಮ್ ಬೆರೆಸಿ ಪುಡಿ ಮಾಡಿದರೆ ಸಿಮೆಂಟ್ ಆಗುತ್ತದೆ. ಮಳಖೇಡ ಮತ್ತು ಸೇಡಂ ಸುತ್ತಿನ ಸಿಮೆಂಟ್ ಕಾರ್ಖಾನೆಗಳ ಎತ್ತರವಾದ ಗೋಪುರಗಳು ದೂರದಿಂದಲೇ ಕಾಣಿಸುತ್ತವೆ. ಅವು ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿವೆ. ಅದರೊಡನೆ ಗಣಿಗಳ ಹಳ್ಳವನ್ನೂ ಧೂಳನ್ನೂ ತಂದಿವೆ.

ಸುಮಾರು 40 ಕಿಲೋಮೀಟರ್ ಸಾಗಿದ ಮೇಲೆ ಕಾಗಿಣಾ ನದಿಯೂ ಅದರ ದಡದಲ್ಲಿ ಮಳಖೇಡದ ಕೋಟೆಯೂ ಎದುರಾಗುತ್ತವೆ. ಕಾಗಿಣಾ ಭೀಮಾ ನದಿಯ ಉಪನದಿ. ಮಳೆಗಾಲದಲ್ಲಿ ಅದು ಉಕ್ಕಿ ಸೇತುವೆಯ ಮೇಲೆ ಹರಿದು ಸಂಚಾರವನ್ನು ನಿಲ್ಲಿಸುವುದುಂಟು. ಚಳಿಗಾಲದಲ್ಲಿ ಶಾಂತವಾಗಿ ಹರಿಯುತ್ತದೆ. ಇದೇ ಪ್ರಾಚೀನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಎಲ್ಲೋರದ ಕೈಲಾಸ ದೇವಾಲಯವನ್ನು ಕಡೆಯಿಸಿದ ವಂಶದವರೇ ಇಲ್ಲಿಂದ ಆಳಿದರು. ಅವರಲ್ಲಿ ಅಮೋಘವರ್ಷ ನೃಪತುಂಗನು 814ರಿಂದ 878ರವರೆಗೆ ಅರುವತ್ತಕ್ಕೂ ಹೆಚ್ಚು ವರ್ಷ ಸಿಂಹಾಸನದಲ್ಲಿದ್ದನು. ಒಂಬತ್ತನೆಯ ಶತಮಾನದ ನಡುವಿನಲ್ಲಿ ಅರಬ್ ವ್ಯಾಪಾರಿ ಸುಲೈಮಾನನ ಹೆಸರಿನಲ್ಲಿ ಬಂದಿರುವ ವೃತ್ತಾಂತವು ರಾಷ್ಟ್ರಕೂಟ ದೊರೆಯನ್ನು ಬಾಗ್ದಾದಿನ ಖಲೀಫ, ಚೀನದ ಸಾಮ್ರಾಟ ಮತ್ತು ರೋಮ್ ಸಾಮ್ರಾಜ್ಯದ ದೊರೆ ಇವರ ಸಾಲಿನಲ್ಲಿ ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದೆ.

ಮಾನ್ಯಖೇಟದ ಕೀರ್ತಿಯು ಸೈನ್ಯಬಲದಿಂದ ಮಾತ್ರ ಬಂದುದಲ್ಲ. ನಮಗೆ ದೊರೆತಿರುವ ಕನ್ನಡ ಕೃತಿಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ವು ನೃಪತುಂಗನ ಆಸ್ಥಾನದಲ್ಲಿ ರಚಿತವಾಯಿತು. ಅದರ ಕರ್ತೃ ಶ್ರೀವಿಜಯನೆಂಬುದು ವಿದ್ವಾಂಸರ ಅಭಿಪ್ರಾಯ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹಬ್ಬಿತ್ತೆಂದು ಆ ಗ್ರಂಥವು ಹೇಳುತ್ತದೆ. ಇದೇ ದೊರೆಯ ಆಶ್ರಯದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ಬರೆದನು. ಇಂದಿನ ಶಾಲೆಯ ಮಕ್ಕಳು ಬಿಡಿಸುವ ಭಿನ್ನರಾಶಿ, ಬಡ್ಡಿ, ಕ್ಷೇತ್ರಫಲಗಳಂಥ ಲೆಕ್ಕಗಳು ಅದರಲ್ಲಿವೆ. ಮುಂದೆ ಹತ್ತನೆಯ ಶತಮಾನದಲ್ಲಿ ಮುಮ್ಮಡಿ ಕೃಷ್ಣನು ಕವಿ ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನಿತ್ತನು. ಅಪಭ್ರಂಶ ಭಾಷೆಯ ಮಹಾಕವಿ ಪುಷ್ಪದಂತನೂ ಈ ನಗರದಲ್ಲಿಯೇ ಬಾಳಿದನು. ಹೀಗೆ ಕನ್ನಡ, ಸಂಸ್ಕೃತ, ಅಪಭ್ರಂಶ ಮೂರು ಭಾಷೆಗಳಿಗೂ ಈ ನದಿಯ ದಡವು ನೆಲೆಯಾಗಿತ್ತು.

972ರಲ್ಲಿ ಮಾಳವದ ಪರಮಾರ ದೊರೆ ಸೀಯಕನು ದಂಡೆತ್ತಿ ಬಂದು ಮಾನ್ಯಖೇಟವನ್ನು ಸೂರೆ ಮಾಡಿದನು. ಮರುವರ್ಷವೇ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗೊಳಿಸಿದನು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯು ಕಲ್ಯಾಣಕ್ಕೆ ಹೋದ ಮೇಲೆ ಮಾನ್ಯಖೇಟವು ಮೆಲ್ಲಮೆಲ್ಲನೆ ಸಣ್ಣ ಊರಾಯಿತು.

ಸಂಜೆಯ ಹೊತ್ತಿಗೆ ಕೋಟೆಯ ಬಳಿ ಬಂದವರು ಅರಮನೆಯನ್ನು ಹುಡುಕಿದರೆ ನಿರಾಶರಾಗುತ್ತಾರೆ. ಈಗ ಕಾಣುವುದು ನಂತರದ ಕಾಲಗಳಲ್ಲಿಯೂ ಕಟ್ಟಿ ತಿದ್ದಿದ ಗೋಡೆಗಳು, ಬುರುಜುಗಳು, ಬಾಗಿಲುಗಳು. ಅವುಗಳನ್ನು ಇದೇ ನೆಲದ ಚಪ್ಪಟೆ ಕಲ್ಲುಗಳಿಂದ ಕಟ್ಟಲಾಗಿದೆ. ಕೆಲವು ಭಾಗಗಳು ಕುಸಿದಿವೆ, ಕೆಲವು ದುರಸ್ತಿಯನ್ನು ಕಂಡಿವೆ. ಊರಿನಲ್ಲಿ ನೇಮಿನಾಥ ಬಸದಿಯಿದೆ, ಮಾಧ್ವ ಯತಿಗಳ ಬೃಂದಾವನವಿದೆ, ದರ್ಗಾ ಇದೆ. ಬುರುಜಿನ ಮೇಲಿಂದ ನೋಡಿದರೆ ಕೆಳಗೆ ನದಿ, ಆಚೆ ಹೊಲಗಳು, ಇನ್ನೂ ಆಚೆ ಕಾರ್ಖಾನೆಯ ದೀಪಗಳು ಕಾಣುತ್ತವೆ. ಹಿರಿಯರ ಒಪ್ಪಿಗೆ ಪಡೆದು ಊರ ಬದಿಯಲ್ಲಿ ತಾಡಪತ್ರಿಯ ಗುಡಾರ ಹೂಡಿದ ಕುಟುಂಬಕ್ಕೆ ಆ ರಾತ್ರಿ ಹೇಳಿಕೊಳ್ಳಲು ಮಾತಿಗೆ ಕೊರತೆಯಿರಲಾರದು.

ಎರಡನೆಯ ದಿನದ ದಾರಿ ಚಿಕ್ಕದು. ಸೇಡಂ ತಾಲ್ಲೂಕು ಕೇಂದ್ರ, ವ್ಯಾಪಾರದ ಪಟ್ಟಣ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಇದರ ಹೆಸರು ಸೇಡಿಂಬ ಎಂದಿದೆ. ಅಲ್ಲಿನ ಮುನ್ನೂರು ಮಹಾಜನರ ವಿದ್ವತ್ತನ್ನು ಆ ಶಾಸನಗಳು ಕೊಂಡಾಡುತ್ತವೆ. ಅನೇಕ ಕಂಬಗಳುಳ್ಳ ಪಂಚಲಿಂಗೇಶ್ವರ ದೇವಾಲಯ, ಹಳೆಯ ಜಿನಾಲಯ, ಕೊತ್ತಲ ಬಸವೇಶ್ವರ ದೇವಾಲಯ ಇವು ನೋಡತಕ್ಕ ಸ್ಥಳಗಳು. ಪೇಟೆಯ ಓಣಿಗಳಲ್ಲಿ ಕನ್ನಡ, ಉರ್ದು, ತೆಲುಗು ಮೂರೂ ಕೇಳಿಬರುತ್ತವೆ. ತೆಲಂಗಾಣದ ಗಡಿಯು ಇಲ್ಲಿಂದ ದೂರವಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಹೊರಟವರು ಕತ್ತಲಾಗುವುದಕ್ಕೆ ಮೊದಲೇ ಕಲಬುರಗಿಯನ್ನು ಸೇರಬಹುದು.

ಇಂಥ ಪ್ರವಾಸಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಬಿಡುವು ಬೇಕು, ನಿಲ್ಲುವ ಮನಸ್ಸು ಬೇಕು. ನಿಲ್ಲುವವರಿಲ್ಲದಿದ್ದರೆ ಆಗುವ ಹಾನಿಯೂ ಸಣ್ಣದಲ್ಲ. ನೋಡುವವರಿಲ್ಲದ ಕೋಟೆಯ ಕಲ್ಲು ಒಂದೊಂದಾಗಿ ದನದ ಕೊಟ್ಟಿಗೆಯ ಗೋಡೆಯನ್ನು ಸೇರುತ್ತದೆ. ಓದುವವರಿಲ್ಲದ ಶಾಸನವು ಬಟ್ಟೆ ಒಗೆಯುವ ಹಾಸುಗಲ್ಲಾಗುತ್ತದೆ. ಇದನ್ನು ತಡೆಯಲು ಸರ್ಕಾರದ ಕಾವಲೊಂದೇ ಸಾಲದು. ಊರಿನ ಮಕ್ಕಳಿಗೆ ತಮ್ಮ ಊರಿನ ಕಲ್ಲು ಏನೆಂಬುದು ತಿಳಿದಿರಬೇಕು. ಪರಸ್ಥಳದವರು ಬಂದು ಆಸಕ್ತಿಯಿಂದ ವಿಚಾರಿಸಿದಾಗ ಊರಿನವರಿಗೂ ಅದರ ಬೆಲೆ ಮನವರಿಕೆಯಾಗುತ್ತದೆ. ಪ್ರವಾಸಿಗನು ಗೋಡೆಯ ಮೇಲೆ ತನ್ನ ಹೆಸರನ್ನು ಕೆತ್ತದೆ, ಬಿಡಾರದ ಜಾಗದಲ್ಲಿ ಕಸವನ್ನು ಉಳಿಸದೆ, ಒಲೆಯ ಬೆಂಕಿಯನ್ನು ನೀರು ಹಾಕಿ ಆರಿಸಿ ಹೊರಡುವುದು ಅವನ ಕರ್ತವ್ಯ.

ಸೋಮವಾರ ಬೆಳಿಗ್ಗೆ ಸೇಡಂ ರಸ್ತೆಯಲ್ಲಿ ಬಸ್ಸುಗಳು ಎಂದಿನಂತೆ ಓಡುತ್ತವೆ. ಕಾಗಿಣಾ ಸೇತುವೆಯ ಬಳಿ ಕೋಟೆಯ ಗೋಡೆಯು ಕಿಟಕಿಯಲ್ಲಿ ಕೆಲವು ಕ್ಷಣ ಮಾತ್ರ ಕಂಡು ಮರೆಯಾಗುತ್ತದೆ. ಆದರೆ ಒಮ್ಮೆ ಅಲ್ಲಿ ಇಳಿದು ರಾತ್ರಿ ಕಳೆದ ಹುಡುಗನು ಆ ಬಸ್ಸಿನಲ್ಲಿದ್ದರೆ, ಪಕ್ಕದಲ್ಲಿ ಕುಳಿತವರಿಗೆ ಅದನ್ನು ಬೆರಳು ಮಾಡಿ ತೋರಿಸದೆ ಇರಲಾರನು.